ಸಹಾಯ ಬೇಕು: ದೃಷ್ಟಿ ಕುಂದಿದವರ ಜೀವನ ಗುಣಮಟ್ಟ ಅಳೆಯಲು ಕನ್ನಡ ಪ್ರಶ್ನಾವಳಿ

ಎಲ್ಲರಿಗೂ ನಮಸ್ಕಾರ. ನಾನು ಆಪ್ಟೋಮೆಟ್ರಿ (ದೃಷ್ಟಿ ಪರೀಕ್ಷೆ) ವಿದ್ಯಾರ್ಥಿನಿ. ಗ್ಲಾಕೋಮಾದಿಂದ (ಕಣ್ಣಿನ ನರ ಹಾಳಾಗುವ ಕಾಯಿಲೆ) ದೃಷ್ಟಿ ಕುಂದಿರುವ ಹಳ್ಳಿಯ ಹಿರಿಯರ ಬಗ್ಗೆ ಪ್ರಾಜೆಕ್ಟ್ ಮಾಡ್ತಿದ್ದೇನೆ. ದೃಷ್ಟಿ ದೋಷ ಬದುಕಿಗೆ ಎಷ್ಟು ತೊಡಕಾಗಿದೆ ಎಂದು ಅಳೆಯುವ ಅಮೆರಿಕದ ಪ್ರಶ್ನಾವಳಿ ಎನ್‌ಇಐ ವಿಎಫ್‌ಕ್ಯೂ-25ರಲ್ಲಿ ಕಾರು ಓಡಿಸುವ ಬಗ್ಗೆಯೂ ಪ್ರಶ್ನೆಗಳಿವೆ. ಸ್ಟೇರಿಂಗ್ ಮುಟ್ಟದ ಅಜ್ಜಿಗೆ ಅದನ್ನು ಕೇಳಿ ಏನು ತಿಳಿಯುತ್ತೆ? ಅಕ್ಕಿಯಲ್ಲಿ ಕಲ್ಲು ಆರಿಸೋಕೆ ಆಗುತ್ತಾ, ರಾತ್ರಿ ಬಚ್ಚಲಿಗೆ ಹೋಗಲು ಯಾರನ್ನಾದರೂ ಎಬ್ಬಿಸಬೇಕಾ ಅನ್ನೋದೇ ಅವರಿಗೆ ಮುಖ್ಯ.

ನಮ್ಮ ದೇಶದಲ್ಲೇ ರೂಪಿಸಿದ ಇಂಥದ್ದೇ 33 ಪ್ರಶ್ನೆಗಳ ಪ್ರಶ್ನಾವಳಿ ಇಂಡ್-ವಿಎಫ್‌ಕ್ಯೂ-33 ಹೆಚ್ಚು ಒಗ್ಗುತ್ತೆ. ಅದರಲ್ಲಿ 21 ಪ್ರಶ್ನೆ ದಿನನಿತ್ಯದ ಕೆಲಸಗಳದ್ದು, 7 ಕಣ್ಣಿನ ಲಕ್ಷಣಗಳದ್ದು. ಮನಸ್ಸಿನ ನೋವಿಗೆ ಬರೀ 5, ನನಗದು ಸಾಲದು ಅನ್ಸುತ್ತೆ. ಅದರ ಪರೀಕ್ಷಿತ ಕನ್ನಡ ಆವೃತ್ತಿ ಯಾರ ಹತ್ತಿರವಾದರೂ ಇದೆಯಾ?

ಇನ್ನೊಂದು: ಮಗ-ಸೊಸೆ ಪಕ್ಕದಲ್ಲಿದ್ದರೆ ಹಿರಿಯರು "ಏನೂ ತೊಂದ್ರೆ ಇಲ್ಲಮ್ಮ" ಅಂತಾರೆ. ಮನೆಯವರಿಗೆ ಬೇಸರವಾಗದಂತೆ ಒಬ್ಬರನ್ನೇ ಮಾತಾಡಿಸೋದು ಹೇಗೆ? ಅನುಭವ ಇರೋರು ದಯವಿಟ್ಟು ತಿಳಿಸಿ.