ಅಂಗಳದ ಪಕ್ಕದಲ್ಲೇ ಕಳೆನಾಶಕ, ಮನೆಯಲ್ಲಿ ಎಂಟು ತಿಂಗಳ ಕೂಸು: ತಿಳಿದವರು ಹೇಳಿ

ಕೇಳಿದವರು (ತೀರ್ಥಹಳ್ಳಿ): ನಮ್ಮದು ಅಡಿಕೆ ತೋಟ, ಮನೆಯಿಂದ 20 ಅಡಿಗೇ ಶುರು. ವರ್ಷಕ್ಕೆ ಎರಡು ಸಲ ಗ್ಲೈಫೋಸೇಟ್ ಹೊಡೆಸುತ್ತಾರೆ. ಮಗು ಅಂಬೆಗಾಲಿಡುತ್ತಿದೆ, ಎದೆಹಾಲು ಕುಡಿಯುತ್ತಿದೆ. ಮಿದುಳಿಗೆ, ರೋಗನಿರೋಧಕ ಶಕ್ತಿಗೆ ಏನಾದರೂ ಆಗುತ್ತದೆಯೇ? ಹಾಲು ಬಿಡಿಸಬೇಕೆ?

ಮಕ್ಕಳ ವೈದ್ಯೆ (ಶಿವಮೊಗ್ಗ): ಹಾಲು ಬಿಡಿಸಬೇಡಿ ತಂಗಿ. ಗ್ಲೈಫೋಸೇಟ್ ನೀರಿನಲ್ಲಿ ಕರಗುವಂಥದ್ದು, ಕೊಬ್ಬಿನಲ್ಲಿ ಕೂರುವುದಿಲ್ಲ. ಮೈ ಸೇರಿದ್ದರಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಮೂತ್ರದಲ್ಲಿ ಹೋಗುತ್ತದೆ. ಕೊಬ್ಬಿಗೆ ಅಂಟಿ ಎದೆಹಾಲಿಗೂ ಇಳಿಯುವುದು ಡಿಡಿಟಿ, ಎಂಡೋಸಲ್ಫಾನ್‌ನಂಥವು. ಕಾಸರಗೋಡು, ಬೆಳ್ತಂಗಡಿ ಕಡೆಯ ಎಂಡೋಸಲ್ಫಾನ್ ನೋವನ್ನು ನೋಡಿದವರಿಗೆ ಹೆದರಿಕೆ ಸಹಜ, ಆದರೆ ಅದು ಕೀಟನಾಶಕ, ಅದರ ಗುಣವೇ ಬೇರೆ. ನಿಮ್ಮ ಮಗುವಿಗೆ ವಿಷ ಮುಟ್ಟುವುದಿದ್ದರೆ ಹೆಚ್ಚಾಗಿ ನೆಲ, ಬಟ್ಟೆ, ಕೈ, ಬಾಯಿ ಈ ದಾರಿಯಲ್ಲಿ.

ವಿಷಶಾಸ್ತ್ರದವರು (ಮೈಸೂರು): ಡಾಕ್ಟ್ರು ಹೇಳಿದ್ದು ಸರಿ. ಗ್ಲೈಫೋಸೇಟ್ ಗಿಡದೊಳಗಿನ ಶಿಕಿಮೇಟ್ ಎಂಬ ಕ್ರಿಯೆಯನ್ನು ತಡೆಯುತ್ತದೆ. ಮನುಷ್ಯರಲ್ಲಿ ಆ ಕ್ರಿಯೆ ಇಲ್ಲ, ಹಾಗಾಗಿ ಏನೂ ಆಗದು ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಅದು ಅರ್ಧ ಮಾತು. ಕರುಳಿನ ಹಲವು ಬ್ಯಾಕ್ಟೀರಿಯಾಗಳಲ್ಲಿ ಅದು ಇದೆ, ಮೊದಲ ಎರಡು ಮೂರು ವರ್ಷ ಮಗುವಿನ ರೋಗನಿರೋಧಕ ವ್ಯವಸ್ಥೆ ಪಳಗುವುದು ಆ ಬ್ಯಾಕ್ಟೀರಿಯಾಗಳ ಸಹವಾಸದಲ್ಲೇ.

ಮಿದುಳಿನ ವಿಷಯಕ್ಕೆ ಬಂದರೆ, ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯ ಅಧ್ಯಯನವೊಂದು 2019ರಲ್ಲಿ ಬಂತು. ಬಸಿರಿನ ಕಾಲದಲ್ಲಿ ಮನೆಯಿಂದ 2000 ಮೀಟರ್ ಒಳಗೆ ಗ್ಲೈಫೋಸೇಟ್ ಬಳಸಿದ್ದ ಕಡೆ ಮಕ್ಕಳಲ್ಲಿ ಆಟಿಸಂ ಸಾಧ್ಯತೆ ಸುಮಾರು ಶೇ. 16 ಹೆಚ್ಚು ಕಂಡಿತು. ನೂರಕ್ಕೆ ಒಂದು ಇದ್ದದ್ದು 1.16 ಆದ ಹಾಗೆ. ಇದು ನಂಟು ಮಾತ್ರ, ಇದೇ ಕಾರಣ ಎಂದು ಸಾಬೀತಾದಂತಲ್ಲ. ಅಲ್ಲಿನದೇ ಸಲಿನಾಸ್ ಕಣಿವೆಯಲ್ಲಿ ಮಕ್ಕಳನ್ನು ಹುಟ್ಟಿದಾಗಿನಿಂದ ಗಮನಿಸಿದ ಅಧ್ಯಯನ 2023ರಲ್ಲಿ ಬಾಲ್ಯದ ಗ್ಲೈಫೋಸೇಟ್‌ಗೂ 18ರ ವಯಸ್ಸಿನ ಯಕೃತ್ತಿನ ಉರಿಯೂತಕ್ಕೂ ನಂಟು ತೋರಿಸಿತು. 2022ರಲ್ಲಿ ಅರಿಜೋನಾದವರು ಇಲಿಗಳಿಗೆ 14 ದಿನ ಕೊಟ್ಟು ನೋಡಿದಾಗ ಅದು ಮಿದುಳನ್ನು ಸೇರಿತ್ತು, ಉರಿಯೂತದ ಗುರುತಾದ ಟಿಎನ್‌ಎಫ್-ಆಲ್ಫಾ ಏರಿತ್ತು. ಆದರೆ ಪ್ರಮಾಣ ಕೆಜಿಗೆ 125ರಿಂದ 500 ಮಿಲಿಗ್ರಾಂ, ತೋಟದ ಪಕ್ಕದ ಮಗುವಿಗೆ ಸಿಗುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹೌಹಾರುವಷ್ಟು ಪುರಾವೆ ಇಲ್ಲ, ಸುಮ್ಮನಿರುವಷ್ಟು ಭರವಸೆಯೂ ಇಲ್ಲ.

ಕೃಷಿ ಸಲಹೆಗಾರ (ಶಿರಸಿ): ನಮ್ಮಲ್ಲಿ ಇದನ್ನೂ "ಔಷಧಿ" ಅಂತಲೇ ಕರೆಯುತ್ತೇವೆ, ಅಸಡ್ಡೆ ಶುರುವಾಗುವುದು ಅಲ್ಲೇ. ಮೊದಲು ಡಬ್ಬಿ ತರಿಸಿ ಓದಿ. ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕ ಇದ್ದರೆ ಮನೆಯಿಂದಲೇ ಹೊರಗೆ ಹಾಕಿಸಿ, ಅದಕ್ಕೆ ಪ್ರತಿವಿಷವೇ ಇಲ್ಲ. ಗ್ಲೈಫೋಸೇಟನ್ನೂ ತರಬೇತಾದ ಕೀಟನಿಯಂತ್ರಣದವರೇ ಹೊಡೆಯಬೇಕೆಂದು ಕೇಂದ್ರ 2022ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದೆ.

ಅಂಗಳದಿಂದ 100 ಅಡಿವರೆಗೆ ಹೊಡೆಸಲೇಬೇಡಿ. ಅದರಾಚೆ ಹೊಡೆಯುವುದಾದರೆ ಗಾಳಿ ಮನೆಯಿಂದ ತೋಟದ ಕಡೆ ಬೀಸುವಾಗ, ನಾಜಲ್‌ಗೆ ಹುಡ್ ಹಾಕಿ, ನೆಲದ ಹತ್ತಿರ ಹಿಡಿದು, ಒತ್ತಡ ಕಡಿಮೆ ಇಟ್ಟು. ಜೋರಾಗಿ ಪಂಪು ಹೊಡೆದರೆ ಹನಿ ಮಂಜಿನಂತಾಗಿ ಜಗುಲಿವರೆಗೂ ತೇಲಿ ಬರುತ್ತದೆ. ಕ್ಯಾನನ್ನು ಬಾವಿಕಟ್ಟೆಯಲ್ಲಿ ತೊಳೆಯಬಾರದು. ನೀರು ಕಾಯಿಸಿದರೆ ವಿಷ ಹೋಗುವುದಿಲ್ಲ.

ಹೊಡೆದವರ ಪ್ಯಾಂಟ್ ಹೆಚ್ಚು ನೆನೆಯುವುದು ಮೊಣಕಾಲಿನಿಂದ ಕೆಳಗೆ. ಮಗು ಅಪ್ಪನ ಕಾಲು ಹಿಡಿದು ಎದ್ದು ನಿಲ್ಲುವುದೂ ಅಲ್ಲೇ, ಆಮೇಲೆ ಆ ಬೆರಳು ಬಾಯಿಗೆ. ಬೂಟು, ಬಟ್ಟೆ ಹೊರಗೇ ಕಳಚಿ, ಸ್ನಾನ ಮುಗಿಸಿಯೇ ಮಗುವನ್ನು ಎತ್ತಿಕೊಳ್ಳಬೇಕು. ಆ ಬಟ್ಟೆಯನ್ನು ಬೇರೆ ಬಕೆಟ್‌ನಲ್ಲಿ ಸೋಪಿನ ನೀರಿಗೆ ಹಾಕಿ, ಎರಡು ಸಲ ಜಾಲಿಸಿ.

ಕೇಳಿದವರು: ಹಾಗಾದರೆ ಅಂಗಳದಂಚಿನ ಹುಲ್ಲಿಗೆ ಏನು ಮಾಡಲಿ ಸಾರ್? ಉಪ್ಪು ಹಾಕಿ ಅಂತಾರೆ.

ಕೃಷಿ ಸಲಹೆಗಾರ (ಶಿರಸಿ): ಉಪ್ಪು ಬೇಡ ತಂಗಿ, ಮಣ್ಣು ಕೆಡುತ್ತದೆ, ಅಡಿಕೆ ಬೇರಿಗೂ ಪೆಟ್ಟು. ಹುಲ್ಲು ಹೂ ಬಿಡುವ ಮುಂಚೆ ಬ್ರಷ್ ಕಟ್ಟರ್‌ನಲ್ಲಿ ಸವರಿಸಿ, ಕಲ್ಲು ಸಿಡಿಯುತ್ತದೆ, ಆಗ ಮಗು ಒಳಗಿರಲಿ. ಸವರಿದ ಮೇಲೆ ಸೋಗೆ, ತರಗೆಲೆಯನ್ನು ನಾಲ್ಕು ಇಂಚು ದಪ್ಪ ಹೊದಿಸಿ. ತೆಳ್ಳಗೆ ಹಾಕಿದರೆ ಹುಲ್ಲು ಸಂದಿಯಲ್ಲೇ ಎದ್ದು ಬರುತ್ತದೆ. ಹಾಸುಗಲ್ಲಿನ ಸಂದಿಗೆ ಕುದಿಯುವ ನೀರು ಸಾಕು.

ಮಕ್ಕಳ ವೈದ್ಯೆ (ಶಿವಮೊಗ್ಗ): ಇನ್ನೊಂದು. ಹೊಡೆದು ಉಳಿದ ಕಳೆನಾಶಕವನ್ನು ನೀರಿನ ಬಾಟಲಿಗೆ ಸುರಿದಿಡುವುದು ಎಲ್ಲಕ್ಕಿಂತ ಅಪಾಯ. ಮಗು ಕುಡಿದರೆ ವಾಂತಿ ಮಾಡಿಸಬೇಡಿ. ಡಬ್ಬಿಯ ಲೇಬಲ್ ಹಿಡಿದುಕೊಂಡು 108ಕ್ಕೆ ಫೋನ್ ಮಾಡಿ.