ಪ್ರಶ್ನೋತ್ತರ: ತೈಲ ಮತ್ತು ಗ್ಯಾಸ್ ಕ್ಷೇತ್ರದಲ್ಲಿ ವಕೀಲರ ಕೆಲಸ

ಅಡ್ಮಿನ್: ನಮ್ಮ ಕಾಸರಗೋಡು ಕನ್ನಡ ವಿದ್ಯಾರ್ಥಿಗಳ ಗುಂಪಿನಲ್ಲಿ ಈ ವಾರ ಉತ್ತರ ಕೊಡುವವರು ಗ್ಯಾಸ್ ಕಂಪನಿಯೊಂದರ ಕಾನೂನು ವಿಭಾಗದಲ್ಲಿರುವ ವಕೀಲೆ. ಕುಂಬಳೆ ಕಡೆಯವರು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಸಂಕೋಚ ಬೇಡ, ಕೇಳಿ.

ಪ್ರಶ್ನೆ (ಪ್ಲಸ್ ಟು ವಿದ್ಯಾರ್ಥಿನಿ, ಬದಿಯಡ್ಕ): ಅಕ್ಕಾ, ನನಗೆ ಲಾ ಓದಬೇಕು ಅಂತ ಮನಸ್ಸು. ಆದರೆ ವಕೀಲರು ಅಂದ್ರೆ ವಿದ್ಯಾನಗರದ ಕೋರ್ಟಿನಲ್ಲಿ ಕಂಡವರು ಮಾತ್ರ ಗೊತ್ತು. ಎಣ್ಣೆ, ಗ್ಯಾಸ್ ಕಂಪನಿಗಳಿಗೆ ವಕೀಲರು ಯಾಕೆ? ದಿನವಿಡೀ ಏನು ಮಾಡ್ತೀರಿ?

ಉತ್ತರ: ಹೆಚ್ಚಿನ ದಿನ ಕರಾರು ಓದುವುದು, ತಿದ್ದುವುದು, ಎದುರಿನವರ ಜೊತೆ ಕೂತು ಮಾತಾಡುವುದು. ಕೋರ್ಟಿಗೆ ಹೋಗುವುದು ಕಡಿಮೆ. ಸಮುದ್ರದಡಿ ಗ್ಯಾಸ್ ಹುಡುಕುವಲ್ಲಿಂದ ಹಿಡಿದು ನಿಮ್ಮ ಅಡುಗೆಮನೆಯ ಒಲೆವರೆಗೆ ಪ್ರತಿ ಹಂತಕ್ಕೂ ಒಂದೊಂದು ಕರಾರು ಇರುತ್ತದೆ. ಕೆಲವು ಇಪ್ಪತ್ತೈದು ವರ್ಷದವು. ಅಷ್ಟು ವರ್ಷದಲ್ಲಿ ಬೆಲೆ ಇಳಿದರೆ, ಏರಿದರೆ, ಹಡಗು ಬಾರದಿದ್ದರೆ ನಷ್ಟ ಯಾರ ತಲೆ ಮೇಲೆ? ಅದನ್ನು ಮೊದಲೇ ಸರಿಯಾಗಿ ಬರೆದಿಡಬೇಕು.

ಒಂದು ಉದಾಹರಣೆ ಹೇಳ್ತೇನೆ. ಪೆಟ್ರೋನೆಟ್ ಕಂಪನಿ ಕತಾರಿನಿಂದ ವರ್ಷಕ್ಕೆ 75 ಲಕ್ಷ ಟನ್ ದ್ರವರೂಪದ ಗ್ಯಾಸ್ ತರಿಸುವ 25 ವರ್ಷದ ಕರಾರು ಮಾಡಿಕೊಂಡಿತ್ತು. ಅದರಲ್ಲಿ ‘ಟೇಕ್ ಆರ್ ಪೇ’ ಷರತ್ತು ಇತ್ತು. ಮಾಲು ತಗೊಂಡರೂ ಬಿಟ್ಟರೂ ಹಣ ಕೊಡಲೇಬೇಕು ಅಂತ ಅದರ ಅರ್ಥ. 2015ರಲ್ಲಿ ಹೊರಗಿನ ಮಾರುಕಟ್ಟೆಯಲ್ಲಿ ಗ್ಯಾಸ್ ಹೆಚ್ಚುಕಡಿಮೆ ಅರ್ಧ ಬೆಲೆಗೆ ಸಿಗತೊಡಗಿತು. ಕರಾರಿನ ಬೆಲೆ ಮಾತ್ರ ಇಳಿಯಲಿಲ್ಲ, ಯಾಕಂದ್ರೆ ಅದನ್ನು ಲೆಕ್ಕ ಹಾಕುತ್ತಿದ್ದದ್ದು ಕಚ್ಚಾ ತೈಲದ ಬೆಲೆಯ ಐದು ವರ್ಷದ ಸರಾಸರಿ ಹಿಡಿದು. ಪೆಟ್ರೋನೆಟ್ ಕಡಿಮೆ ತಗೊಂಡಿತು. ದಂಡದ ಲೆಕ್ಕ ಸುಮಾರು 12,000 ಕೋಟಿ ರೂಪಾಯಿಗೆ ಹೋಯಿತು. ಕೊನೆಗೆ ಆ ಡಿಸೆಂಬರಿನಲ್ಲಿ ಎರಡೂ ಕಡೆಯವರು ಕೂತು ಸೂತ್ರವನ್ನು ಮೂರು ತಿಂಗಳ ಸರಾಸರಿಗೆ ಬದಲಿಸಿದರು. ದಂಡ ಬಿಟ್ಟರು, ತಗೊಳ್ಳದ ಗ್ಯಾಸನ್ನು ಮುಂದಿನ ವರ್ಷಗಳಲ್ಲಿ ತಗೊಳ್ಳುವುದು ಅಂತಾಯಿತು. ಒಂದು ಸಾಲಿನ ಸೂತ್ರಕ್ಕೆ ಎಷ್ಟು ತೂಕ ನೋಡಿ.

ಸಣ್ಣ ವಿಷಯಗಳೂ ಇವೆ. ಪೈಪ್ ಹಾಕುವ ಗುತ್ತಿಗೆದಾರರು ಮಳೆಯಿಂದ ಕೆಲಸ ನಿಂತಿತು, ಅವಧಿ ಕೊಡಿ ಅಂತಾರೆ. ಕೈಮೀರಿದ ಘಟನೆ ಅಂದ್ರೆ ಯಾವುದು ಅಂತ ಕರಾರಿನಲ್ಲಿ ಇರುತ್ತದೆ. ಪ್ರವಾಹ ಬಂದರೆ ಸರಿ. ಆದರೆ ಜೂನ್ ತಿಂಗಳಲ್ಲಿ ನಮ್ಮೂರಲ್ಲಿ ಮಳೆ ಬರುತ್ತದೆ ಅನ್ನುವುದು ಯಾರಿಗೆ ಗೊತ್ತಿಲ್ಲ? ಮಾಮೂಲಿ ಮಳೆಗಾಲವನ್ನು ಗುತ್ತಿಗೆದಾರರೇ ಲೆಕ್ಕಕ್ಕೆ ಹಿಡಿದು ಕೆಲಸ ಒಪ್ಪಿಕೊಳ್ಳಬೇಕು ಅಂತ ಬರೆದಿಟ್ಟರೆ ಮುಂದೆ ಜಗಳ ಇಲ್ಲ.

ಪ್ರಶ್ನೆ (ಕೃಷಿಕರು, ಚಂದ್ರಗಿರಿ ಹೊಳೆ ಹತ್ತಿರ): ಮೇಡಂ, ನನ್ನದು ಓದಿನ ಪ್ರಶ್ನೆ ಅಲ್ಲ. ನಮ್ಮ ತೋಟದಲ್ಲೇ ಗ್ಯಾಸ್ ಪೈಪ್ ಹೋಗಿದೆ. ಜಾಗ ನಮ್ಮದಾ, ಕಂಪನಿಯದ್ದಾ? ಇವತ್ತಿಗೂ ನಮಗೆ ಸರಿಯಾಗಿ ತಿಳಿಸಿದವರಿಲ್ಲ.

ಉತ್ತರ: ಅಣ್ಣ, ಇದು ನಮ್ಮ ಕೆಲಸದ ಪ್ರಶ್ನೆಯೇ. ಕೊಚ್ಚಿಯಿಂದ ಮಂಗಳೂರಿಗೆ ಹೋಗುವ 450 ಕಿ.ಮೀ. ಪೈಪ್‌ಲೈನ್ 2021ರ ಜನವರಿ 5ರಂದು ಉದ್ಘಾಟನೆ ಆಯಿತು. ಚಂದ್ರಗಿರಿ ಹೊಳೆ ದಾಟಿಸುವ ಕೆಲಸ ಕೊನೆಯ ತನಕ ಉಳಿದಿತ್ತು, ನಿಮಗೆ ಗೊತ್ತೇ ಇದೆ.

ಇಂಥ ಪೈಪಿಗೆ 1962ರ ಒಂದು ಕೇಂದ್ರ ಕಾಯ್ದೆ ಇದೆ. ಅದರ ಪ್ರಕಾರ ಜಾಗದ ಒಡೆತನ ನಿಮ್ಮದೇ. ಕಂಪನಿಗೆ ಸಿಗುವುದು ನೆಲದಡಿ ಪೈಪ್ ಹಾಕುವ, ನೋಡಿಕೊಳ್ಳುವ ಹಕ್ಕು ಮಾತ್ರ. ಮೊದಲು ಅಧಿಸೂಚನೆ ಹೊರಡಿಸಬೇಕು. ಅದರ ಪ್ರತಿ ಜನರಿಗೆ ಸಿಕ್ಕ ದಿನದಿಂದ 21 ದಿನದೊಳಗೆ ನೀವು ಆಕ್ಷೇಪ ಸಲ್ಲಿಸಬಹುದು. ಖುದ್ದಾಗಿ ಹೋಗಿ ಹೇಳಬಹುದು, ವಕೀಲರನ್ನೂ ಕಳಿಸಬಹುದು.

ಪರಿಹಾರದಲ್ಲಿ ಎರಡು ಭಾಗ. ಕಡಿದ ಅಡಿಕೆ ಮರ, ತೆಂಗು, ಹಾಳಾದ ಬೆಳೆಯ ನಷ್ಟ ಒಂದು. ಹಕ್ಕು ಕೊಟ್ಟದ್ದಕ್ಕೆ, ಅಧಿಸೂಚನೆಯ ದಿನ ಜಾಗಕ್ಕಿದ್ದ ಮಾರುಕಟ್ಟೆ ಬೆಲೆಯ 10 ಶೇಕಡಾ ಇನ್ನೊಂದು. ಇದು ಕಾಯ್ದೆಯಲ್ಲಿರುವ ಲೆಕ್ಕ. ಕೇರಳದಲ್ಲಿ ಜನ ಪ್ರತಿಭಟನೆ ಮಾಡಿದ ಮೇಲೆ ಪರಿಹಾರ ಹೆಚ್ಚಿಸಿದರು. ಅಧಿಕಾರಿ ಗೊತ್ತುಮಾಡಿದ ಮೊತ್ತ ಕಡಿಮೆ ಅನಿಸಿದರೆ ಜಿಲ್ಲಾ ನ್ಯಾಯಾಧೀಶರ ಹತ್ತಿರ ಹೋಗಬಹುದು, ಅಂದ್ರೆ ವಿದ್ಯಾನಗರಕ್ಕೇ. 10 ಶೇಕಡಾ ತೀರಾ ಕಡಿಮೆ ಅಂತ ನನ್ನ ಅಭಿಪ್ರಾಯ. ಹತ್ತು ಸೆಂಟ್ ಜಾಗ ಇದ್ದವರಿಗೆ ನಡುವೆ ಪೈಪ್ ಹೋದರೆ ಉಳಿಯುವುದೇನು?

ಪ್ರಶ್ನೆ (ಬದಿಯಡ್ಕದ ವಿದ್ಯಾರ್ಥಿನಿ): ಹಾಗಾದ್ರೆ ಅಕ್ಕಾ, ನೀವು ಕಂಪನಿ ಕಡೆಯವರು. ಕೃಷಿಕರ ಎದುರು ನಿಲ್ಲಬೇಕಾಗುತ್ತದೆ ಅಲ್ವಾ? ಬೇಜಾರಾಗುವುದಿಲ್ವಾ?

ಉತ್ತರ: ಒಳ್ಳೆ ಪ್ರಶ್ನೆ. ನನ್ನ ಕಕ್ಷಿದಾರರು ಕಂಪನಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೋಟಿಸ್ ಸರಿಯಾಗಿ ಮುಟ್ಟಬೇಕು, ಆಕ್ಷೇಪ ಕೇಳಬೇಕು, ಹಣ ಪೂರ್ತಿ ಸಲ್ಲಬೇಕು ಅಂತ ಒಳಗಿನಿಂದ ಹಠ ಹಿಡಿಯುವವರೂ ವಕೀಲರೇ. ಕ್ರಮ ತಪ್ಪಿದರೆ ನಾಳೆ ಇಡೀ ಯೋಜನೆಗೇ ತಡೆಯಾಜ್ಞೆ ಬರಬಹುದು ಅಂತ ಇಂಜಿನಿಯರುಗಳಿಗೆ ಹೇಳುವುದು ನನ್ನ ಪಾಲಿನ ಕೆಲಸ.

ಕೃಷಿಕರ ಕಡೆಗೂ ಈ ಕಾಯ್ದೆ ಬಲ್ಲ ವಕೀಲರು ಬೇಕು. ಕಾಗದ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಮನೆಯ ಹಿರಿಯರಿಗೆ ಕನ್ನಡ, ತುಳು ಬಿಟ್ಟರೆ ಬೇರೆ ಭಾಷೆ ಬಾರದು, ಓದಿ ಹೇಳುವವರೂ ಇಲ್ಲ. 21 ದಿನ ಹಾಗೇ ಕಳೆದುಹೋಗುತ್ತದೆ. ನಿಮ್ಮಂಥವರು ನಾಲ್ಕು ಜನ ಈ ವಿಷಯ ಕಲಿತು ಊರಲ್ಲೇ ನಿಂತರೆ ನನಗೆ ತುಂಬಾ ಸಂತೋಷ. ಎದುರು ಕಡೆ ವಿಷಯ ಗೊತ್ತಿರುವ ವಕೀಲರಿದ್ದರೆ ನಮ್ಮ ಕೆಲಸವೂ ನೇರ ನಡೆಯುತ್ತದೆ.

ಪ್ರಶ್ನೆ (ಡಿಗ್ರಿ ಎರಡನೇ ವರ್ಷ, ಮಂಜೇಶ್ವರ): ಓದುವುದು ಎಲ್ಲಿ? ಕನ್ನಡ ಮಾಧ್ಯಮದವರಿಗೆ ಆಗುತ್ತಾ?

ಉತ್ತರ: ಆಗುತ್ತದೆ. ಡಿಗ್ರಿ ಆದ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ, ಪ್ಲಸ್ ಟು ಆದವರಿಗೆ ಐದು ವರ್ಷದ ಕೋರ್ಸು. ಮಂಗಳೂರು ನಿಮಗೆ ಹತ್ತಿರ. ಕೇರಳದ ಸರ್ಕಾರಿ ಲಾ ಕಾಲೇಜುಗಳಿಗೆ ರಾಜ್ಯದ ಪ್ರವೇಶ ಪರೀಕ್ಷೆ, ಕೊಚ್ಚಿ, ಬೆಂಗಳೂರಿನ ರಾಷ್ಟ್ರೀಯ ಕಾನೂನು ವಿ.ವಿ.ಗಳ ಐದು ವರ್ಷದ ಕೋರ್ಸಿಗೆ ಕ್ಲಾಟ್ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ. ಡೆಹ್ರಾಡೂನಿನಲ್ಲಿ ಇಂಧನ ಕಾನೂನನ್ನೇ ವಿಶೇಷವಾಗಿ ಕಲಿಸುವ ವಿ.ವಿ. ಇದೆ, ಆದರೆ ಅಲ್ಲಿಗೇ ಹೋಗಬೇಕು ಅಂತೇನಿಲ್ಲ. ಕರಾರು ಕಾಯ್ದೆ, ಮಧ್ಯಸ್ಥಿಕೆ ಕಾಯ್ದೆ (ಕೋರ್ಟಿನ ಹೊರಗೆ ವ್ಯಾಜ್ಯ ತೀರಿಸುವುದರ ಬಗ್ಗೆ), ಭೂಮಿಯ ಕಾನೂನು ಗಟ್ಟಿಯಾಗಿರಲಿ. ಉಳಿದದ್ದು ಕೆಲಸದಲ್ಲಿ ಬರುತ್ತದೆ.

ಇಂಗ್ಲಿಷಿನಲ್ಲಿ ಮಾತಾಡುವುದಕ್ಕಿಂತ ಉದ್ದ ವಾಕ್ಯವನ್ನು ಬಿಡಿಸಿ ಓದುವುದು ಮುಖ್ಯ. ದಿನಕ್ಕೆ ಒಂದು ಪುಟ ಕರಾರು ಓದಿ, ಅದನ್ನು ಅಮ್ಮನಿಗೆ ಅರ್ಥ ಆಗುವ ಹಾಗೆ ಕನ್ನಡದಲ್ಲಿ ಹೇಳಿ. ಹೇಳಲು ಬಂದರೆ ನಿಮಗೆ ಅರ್ಥ ಆಗಿದೆ ಅಂತ ಲೆಕ್ಕ.

ಓಎನ್‌ಜಿಸಿ, ಇಂಡಿಯನ್ ಆಯಿಲ್‌ನಂಥ ಸರ್ಕಾರಿ ಕಂಪನಿಗಳು ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಕೋರ್ಸು) ಪ್ರವೇಶದ ಕ್ಲಾಟ್ ಅಂಕ ನೋಡಿ ಕಾನೂನು ಅಧಿಕಾರಿಗಳನ್ನು ತಗೊಂಡದ್ದುಂಟು. ಹಾಗಾಗಿ ಆ ಪರೀಕ್ಷೆ ಬಿಡಬೇಡಿ. ಇನ್ನೊಂದು, ಕಂಪನಿಯ ಸಂಬಳಕ್ಕೆ ಸೇರಿದರೆ ಕೋರ್ಟಿನಲ್ಲಿ ವಾದ ಮಾಡುವಂತಿಲ್ಲ, ಸನ್ನದು (ವಕೀಲಿಕೆಯ ಪರವಾನಗಿ) ಅಮಾನತಿನಲ್ಲಿ ಇಡಬೇಕು. ವಾದ ಮಾಡುವ ಆಸೆ ಇದ್ದರೆ ಮೊದಲು ಕೆಲವು ವರ್ಷ ಹಿರಿಯ ವಕೀಲರ ಆಫೀಸಿನಲ್ಲಿರಿ.

ಪ್ರಶ್ನೆ (ಪೋಷಕರು, ಉಪ್ಪಳ): ನಮ್ಮ ತಮ್ಮ ಅಬುಧಾಬಿಯಲ್ಲಿದ್ದಾನೆ. ಮಗ ಲಾ ಮಾಡಿ ಅಲ್ಲಿಗೆ ಹೋಗಬಹುದಾ?

ಉತ್ತರ: ಹೋಗಬಹುದು, ಆದರೆ ಹೋದ ಕೂಡಲೇ ಅಲ್ಲ. ಅಲ್ಲಿನ ಸಾಮಾನ್ಯ ಕೋರ್ಟುಗಳ ಭಾಷೆ ಅರಬ್ಬಿ, ಅಲ್ಲಿ ವಾದ ಮಾಡುವವರು ಹೆಚ್ಚಾಗಿ ಆ ದೇಶದವರೇ. ನಮ್ಮವರಿಗೆ ಸಿಗುವುದು ಕಂಪನಿಯೊಳಗಿನ ಕೆಲಸ, ಕಾನೂನು ಸಲಹೆಗಾರರ ಕೆಲಸ. ಅಬುಧಾಬಿ ಮತ್ತು ದುಬೈನ ಹಣಕಾಸು ವಲಯಗಳ ಕೋರ್ಟುಗಳು ಮಾತ್ರ ಇಂಗ್ಲಿಷಿನಲ್ಲಿ ನಡೆಯುತ್ತವೆ. ಇಲ್ಲಿ ಐದಾರು ವರ್ಷ ಕರಾರಿನ ಕೆಲಸ ಮಾಡಿದ ಮೇಲೆ ನೋಡಲಿ.

ಪ್ರಶ್ನೆ (ಮಂಜೇಶ್ವರದ ವಿದ್ಯಾರ್ಥಿ): ಎಲ್ಲ ಕಡೆ ಸೋಲಾರ್, ಕರೆಂಟ್ ಗಾಡಿ. ಈ ಕೆಲಸ ಉಳಿಯುತ್ತಾ?

ಉತ್ತರ: ನಿಮ್ಮ ಕಾಲಕ್ಕೆ ಉಳಿಯುತ್ತದೆ. ಮನೆಮನೆಗೆ ಪೈಪ್ ಗ್ಯಾಸ್ ಈಗಷ್ಟೇ ಬರುತ್ತಿದೆ. ಯಾವ ಜಿಲ್ಲೆಗೆ ಯಾರು ಕೊಡಬೇಕು ಅಂತ 2006ರ ಕಾಯ್ದೆಯಡಿ ಬಂದ ನಿಯಂತ್ರಣ ಮಂಡಳಿ ಗೊತ್ತುಮಾಡುತ್ತದೆ. ಅದರ ಆದೇಶದ ಮೇಲಿನ ಮೇಲ್ಮನವಿ ಹೋಗುವುದು ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ. ಹಾಗಾಗಿ ಗ್ಯಾಸ್ ಕಲಿತವರಿಗೆ ವಿದ್ಯುತ್ ಕಾನೂನು ದೂರ ಇಲ್ಲ.

ಪ್ರಶ್ನೆ (ಚಂದ್ರಗಿರಿ ಹತ್ತಿರದ ಕೃಷಿಕರು): ಮೇಡಂ, ಕೊನೆಗೆ ಒಂದೇ ಒಂದು. ಪೈಪ್ ಹೋದ ಜಾಗದಲ್ಲಿ ಬಾವಿ ತೋಡಬಹುದಾ? ಅಡಿಕೆ ಸಸಿ ಇಡಬಹುದಾ?

ಉತ್ತರ: ಎರಡೂ ಆಗುವುದಿಲ್ಲ ಅಣ್ಣ. ಕಂಪನಿಗೆ ಹಕ್ಕು ಸಿಕ್ಕ ಆ ಜಾಗದ ಪಟ್ಟಿಯೊಳಗೆ ಕಟ್ಟಡ, ಬಾವಿ, ಕೆರೆ, ಮರ ಯಾವುದಕ್ಕೂ ಕಾಯ್ದೆ ಬಿಡುವುದಿಲ್ಲ. ತರಕಾರಿ, ಭತ್ತ ಬೆಳೆಯಬಹುದು. ಪಟ್ಟಿಯ ಹೊರಗೆ ಬಾವಿ ತೋಡುವುದಾದರೂ ಮೊದಲು ಕಂಪನಿಗೆ ಕಾಗದ ಬರೆದು ಗಡಿ ಅಳೆಸಿಕೊಳ್ಳಿ. ಅವರ ಉತ್ತರ ಬರಹದಲ್ಲೇ ಇರಲಿ, ಪ್ರತಿಯನ್ನು ಜಾಗದ ಆಧಾರದ (ದಸ್ತಾವೇಜಿನ) ಜೊತೆ ಇಟ್ಟುಕೊಳ್ಳಿ.