ತರಬೇತಿ ಬಿಟ್ಟವರು, ಬಿದ್ದವರು, ಹಿಂದೆ ಬರುವ ತಂಡಕ್ಕೆ ಹೋದವರು: ಯಾವುದಕ್ಕೆ ಯಾವ ಮಾತು?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ನೌಕಾಪಡೆಯ ವಿಶೇಷ ಪಡೆಯಾದ ನೇವಿ ಸೀಲ್‌ನ ಮೂಲ ತರಬೇತಿಯ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕ್ಯಾಲಿಫೋರ್ನಿಯಾದ ಕೊರೊನಾಡೊದಲ್ಲಿ 24 ವಾರ ನಡೆಯುವ ಈ ತರಬೇತಿಗೆ ಸೇರಿದ ನೂರರಲ್ಲಿ ಸಾಮಾನ್ಯವಾಗಿ 70–80 ಮಂದಿ ಕೊನೆ ಮುಟ್ಟುವುದಿಲ್ಲ. ಹೀಗೆ ಕಡಿಮೆಯಾಗುವವರ ಪ್ರಮಾಣಕ್ಕೆ ಇಂಗ್ಲಿಷಿನವರು 'ಅಟ್ರಿಷನ್ ರೇಟ್' ಅಂದುಬಿಡುತ್ತಾರೆ. ನಿಘಂಟಿನ 'ಸವೆತ' ಹಾಕಿದರೆ ಲಾರಿ ಟೈರಿನ ಮಾತಾಯಿತು. 'ಶೇ. 80 ಮಂದಿ ಅನುತ್ತೀರ್ಣ' ಅಂದರೆ ಶುದ್ಧ ತಪ್ಪು. ಇವರಲ್ಲಿ ಬಹುಪಾಲು ಜನ ಫೇಲಾದವರಲ್ಲ, ತಾವಾಗಿಯೇ ಬಿಟ್ಟವರು.

ಬಿಡುವುದಕ್ಕೂ ಅಲ್ಲೊಂದು ಕ್ರಮವಿದೆ. ಮೈದಾನದಲ್ಲಿ ತೂಗುಹಾಕಿದ ಹಿತ್ತಾಳೆ ಗಂಟೆಯನ್ನು ಮೂರು ಸಲ ಬಾರಿಸಬೇಕು, ಹೆಲ್ಮೆಟ್ ತೆಗೆದು ನೆಲದ ಮೇಲಿನ ಸಾಲಿನಲ್ಲಿ ಇಟ್ಟು ಹೋಗಬೇಕು. ತರಬೇತಿಯ ಅತಿ ಕಠಿಣ ಘಟ್ಟವಾದ ಐದೂವರೆ ದಿನದ 'ಹೆಲ್ ವೀಕ್'ನಲ್ಲಿ ಒಟ್ಟು ನಿದ್ದೆಯೇ ಸುಮಾರು ನಾಲ್ಕು ಗಂಟೆ. ಆ ಸಾಲು ಬೇಗ ಬೇಗ ಉದ್ದವಾಗುವುದು ಆಗಲೇ. ಇವರ ಕಡತದ ಹೆಸರು 'ಡ್ರಾಪ್ ಆನ್ ರಿಕ್ವೆಸ್ಟ್'. ನಾನು 'ಸ್ವಇಚ್ಛೆಯಿಂದ ಬಿಟ್ಟವರು' ಅಂತ ಬರೆದಿದ್ದೇನೆ. ಸರ್ಕಾರಿ ನೌಕರರ ಸ್ವಯಂ ನಿವೃತ್ತಿಯ ವಾಸನೆ ಬರುತ್ತಿದೆ, ಏನು ಮಾಡಲಿ?

ಬೂಟು ಹಾಕಿ ನಾಲ್ಕು ಮೈಲಿ ಓಡುವುದನ್ನೋ ಈಜನ್ನೋ ಗೊತ್ತಾದ ಹೊತ್ತಿನೊಳಗೆ ಮುಗಿಸಲಾಗದೆ ಹೊರಬಿದ್ದವರು ಬೇರೆ. ಇವರಿಗೆ 'ಅನುತ್ತೀರ್ಣ' ಒಪ್ಪುತ್ತದೆ.

ನಿಜವಾದ ತೊಡಕು ಮೂರನೆಯವರದು. ಕಾಲು ಮುರಿದೋ ಶ್ವಾಸಕೋಶದ ತೊಂದರೆಯಿಂದಲೋ ನಿಂತವನನ್ನು ಮನೆಗೆ ಕಳಿಸದೆ, ವಾಸಿಯಾದ ಮೇಲೆ ತನ್ನ ಹಿಂದೆ ಬರುತ್ತಿರುವ ತಂಡಕ್ಕೆ ಸೇರಿಸುತ್ತಾರೆ. ಇದು 'ರೋಲ್ ಬ್ಯಾಕ್'. ಅವನು ತನ್ನ ತಂಡದ ಲೆಕ್ಕದಲ್ಲಿ ಇಲ್ಲ, ಹಿಂದೆ ಬರುವ ಆ ತಂಡದ ಲೆಕ್ಕದಲ್ಲಿ ಇದ್ದಾನೆ. 'ತಂಡದಲ್ಲಿ ಇಷ್ಟು ಮಂದಿ ಮಾತ್ರ ಉಳಿದರು' ಅನ್ನುವ ವಾಕ್ಯ ಅದಕ್ಕೇ ಮೋಸದ್ದು: ಮೊದಲ ದಿನದಿಂದ ಎಣಿಸಿದ್ದೋ, ಹೆಲ್ ವೀಕ್ ದಾಟಿದವರಲ್ಲಿ ಎಣಿಸಿದ್ದೋ ಹೇಳದಿದ್ದರೆ ಶೇಕಡಾವಾರಿಗೆ ಅರ್ಥವೇ ಇಲ್ಲ. ಹೆಲ್ ವೀಕ್ ದಾಟಿದವರಲ್ಲಿ ಹೆಚ್ಚಿನವರು ಮುಗಿಸಿಯೇ ಮುಗಿಸುತ್ತಾರೆ.

ಇನ್ನೊಂದು. 2022ರ ಫೆಬ್ರವರಿಯಲ್ಲಿ ಒಬ್ಬ ಹುಡುಗ ಹೆಲ್ ವೀಕ್ ಮುಗಿಸಿದ ಕೆಲವೇ ಗಂಟೆಗಳಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. 'ಪೂರೈಸಿದವರು', 'ಬಿಟ್ಟವರು' ಎಂಬ ಎರಡೇ ಕಾಲಂ ಇಟ್ಟರೆ ಅವನನ್ನು ಎಲ್ಲಿ ಬರೆಯುವುದು?

ನಮ್ಮ ಸೇನೆಯವರು ತರಬೇತಿಯಿಂದ ವಾಪಸಾದವನನ್ನು 'ಆರ್‌ಟಿಯು ಆದ' ಅನ್ನುತ್ತಾರೆ, ಅಂದರೆ ತನ್ನ ಯೂನಿಟ್ಟಿಗೆ ಮರಳಿದ. ಖಡಕ್‌ವಾಸ್ಲಾದ ಎನ್‌ಡಿಎಯಲ್ಲಿ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಒಂದು ಟರ್ಮ್ ಹಿಂದೆ ಬಿದ್ದರೆ 'ರೆಲಿಗೇಟ್'. ರೋಲ್ ಬ್ಯಾಕ್‌ಗೆ ತೀರ ಹತ್ತಿರದ್ದು ಇದೇ, ಆದರೆ ಕನ್ನಡದ ಮಾತಲ್ಲ.

ಬೆಳಗಾವಿಯ ಕಮಾಂಡೊ ಕೋರ್ಸಿಗೆ ಹೋಗಿಬಂದವರು, ಕೊಡಗಿನ ಕಡೆಯ ನಿವೃತ್ತರು ಯಾರಾದರೂ ಇಲ್ಲಿದ್ದರೆ ತಿಳಿಸಿ: ಗಾಯವಾಗಿ ಮುಂದಿನ ಬ್ಯಾಚಿಗೆ ಹೋದವನ ಬಗ್ಗೆ ಮನೆಯಲ್ಲಿ ಕನ್ನಡದಲ್ಲಿ ಹೇಳುವಾಗ ಏನೆನ್ನುತ್ತಿದ್ದಿರಿ? 'ಬ್ಯಾಚ್ ತಪ್ಪಿತು' ಅನ್ನುವುದುಂಟೇ?